ಕೊನೆಯ ಏರಿನಲ್ಲಿ ಗೌರತ್ತೆಯ ಮನೆ

ಯಾವುದೇ ವಿಷಯದ ಬಗ್ಗೆ ಏನೂ ಗೊತ್ತಿಲ್ಲದವರಿಂದ ಲೋಕಕ್ಕೆ ಅಂಥ ತೊಂದರೆಯಿಲ್ಲ. ಪೂರ್ತಿ ಗೊತ್ತಿರುವವರಿಂದಲೂ ಇಲ್ಲ. ಅವರು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ತೊಂದರೆಯೆಲ್ಲ ಇವರಿಬ್ಬರ ನಡುವೆ ಇರುವ ನನ್ನಂಥವರಿಂದ. ನಾನು ಇವತ್ತಿನವರೆಗೆ ಒಂದೇ ಒಂದು ಸೈಕಲ್ ರೇಸಿನಲ್ಲಿ ಓಡಿಲ್ಲ. ನನ್ನ ಹತ್ತಿರ ಇರುವುದು ಬಾಗಿದ ಹ್ಯಾಂಡಲಿನ, ಸೆಕೆಂಡ್ ಹ್ಯಾಂಡ್ ಸೈಕಲ್ಲು ಒಂದು. ಅದರ ಸೀಟು ಎಷ್ಟು ಸಣ್ಣದೆಂದರೆ, ನಮ್ಮಪ್ಪ ಅದನ್ನು ಮೊದಲ ಸಲ ನೋಡಿದಾಗ, "ಮಿಕ್ಕಿದ್ ಅರ್ಧ ಸೀಟು ಮಾರಿದವನೇ ಇಟ್ಕೊಂಡ್ನೇನೋ" ಎಂದು ಕೇಳಿದ್ದರು. ಆದರೆ ರೇಸಿನ ಬಗ್ಗೆ ನನಗೆ ಗೊತ್ತಿಲ್ಲದ್ದಿಲ್ಲ. ಊಟದ ತಟ್ಟೆಯ ಪಕ್ಕ ನೀರಿನ ಚೆಂಬಿಗೆ ಫೋನು ಒರಗಿಸಿಟ್ಟು, ಯಾವುದೋ ದೇಶದ ಬೆಟ್ಟಗಳಲ್ಲಿ ಓಡುವವರನ್ನು ನನಗೆ ಬಾರದ ಭಾಷೆಯ ಕಾಮೆಂಟರಿಯಲ್ಲಿ ನೋಡಿ ಕಲಿತವನು ನಾನು. ಗುರು ಇಲ್ಲದೆ ಕಲಿತದ್ದರಲ್ಲಿ ಒಂದು ಅನುಕೂಲವಿದೆ. ತಪ್ಪು ಎಂದು ಹೇಳುವವರು ಯಾರೂ ಇರುವುದಿಲ್ಲ. ಅನನುಕೂಲವೂ ಅದೇ ಎಂದು ಗೊತ್ತಾಗಲು ನಮ್ಮಕ್ಕ ಸಹನಾಳ ಮದುವೆ ಗೊತ್ತಾಗಬೇಕಾಯಿತು.

ಈ ದೊಡ್ಡ ರೇಸುಗಳಲ್ಲಿ ನನ್ನನ್ನು ಹಿಡಿದದ್ದು ಓಟವಲ್ಲ, ದಾರಿ. ಮೂರು ವಾರ ಓಡುತ್ತಾರೆ. ದಿನಕ್ಕೊಂದು ಸ್ಟೇಜು, ಪ್ರತಿದಿನ ಬೇರೆ ದಾರಿ. ಎಲ್ಲ ದಿನಗಳ ವೇಳೆ ಕೂಡಿಸಿದಾಗ ಯಾರದು ಕಡಿಮೆಯೋ ಅವನು ಗೆದ್ದ. ಹಾಗಾಗಿ ಒಂದು ದಿನವೂ ಮೊದಲು ಬಾರದವನು ಕೊನೆಗೆ ಇಡೀ ರೇಸು ಗೆಲ್ಲಬಹುದು. ದಾರಿ ಚಪ್ಪಟೆ ಇದ್ದ ದಿನ ಗುಂಪಿನೊಳಗೆ ಅಡಗಿಕೊಂಡವನೇ ಜಾಣ. ಮುಂದಿನವನ ಬೆನ್ನಿಗೆ ಅಂಟಿಕೊಂಡರೆ ಎದುರುಗಾಳಿಯೆಲ್ಲ ಅವನಿಗೆ, ಹಿಂದಿನವನಿಗೆ ಆರಾಮ. ಅಂಥ ದಿನ ಒಬ್ಬಂಟಿಯಾಗಿ ಮುಂದೆ ನುಗ್ಗಿದವನನ್ನು ಗುಂಪು ಹೆಚ್ಚಾಗಿ ಕೊನೆಯ ಹೊತ್ತಿಗೆ ನುಂಗಿಬಿಡುತ್ತದೆ. ಏರು ಬಂದಾಗ ಆಟವೇ ಬೇರೆ. ಅಲ್ಲಿ ವೇಗ ಕಡಿಮೆ, ಗಾಳಿ ಲೆಕ್ಕಕ್ಕಿಲ್ಲ, ಯಾರ ಬೆನ್ನೂ ಉಪಯೋಗಕ್ಕೆ ಬರುವುದಿಲ್ಲ. ಅವರವರ ಕಾಲು ಅವರವರಿಗೆ. ಇನ್ನು ಟೀಮಿನಲ್ಲಿ ನಾಯಕ ಒಬ್ಬನೇ, ಮಿಕ್ಕವರೆಲ್ಲ ಅವನಿಗಾಗಿ ದುಡಿಯುವವರು. ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುರುಕಿಕೊಂಡು ಬಂದು ಹಂಚುತ್ತಾರೆ. ನಾಯಕನ ಚಕ್ರ ಪಂಕ್ಚರಾದರೆ ತಮ್ಮ ಚಕ್ರವನ್ನೇ ಬಿಚ್ಚಿಕೊಟ್ಟು ರಸ್ತೆಬದಿಯಲ್ಲಿ ನಿಲ್ಲುತ್ತಾರೆ. ಇವರೆಲ್ಲರ ಹಿಂದೆ ಕಾರಿನಲ್ಲಿ ಕೂತು, ದಾರಿಯ ನಕ್ಷೆ ತೊಡೆಯ ಮೇಲಿಟ್ಟುಕೊಂಡು, ಯಾರು ಎಲ್ಲಿ ನುಗ್ಗಬೇಕು ಎಂದು ಹೇಳುವವನು ಡೈರೆಕ್ಟರು. ನಾನು ಮನಸ್ಸಿನಲ್ಲಿ ಯಾವತ್ತೂ ಆ ಕಾರಿನಲ್ಲೇ ಕೂತಿರುತ್ತೇನೆ. ಪ್ರತಿ ಸ್ಟೇಜಿನ ಏರಿಳಿತದ ಚಿತ್ರವನ್ನು, ರಟ್ಟಿನ ಮೇಲೆ 'ಡೈರೆಕ್ಟರ್' ಎಂದು ಬರೆದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಅಮ್ಮ ಒಮ್ಮೆ ಅದನ್ನು ತಿರುವಿ ಹಾಕಿ, "ಈ ಗೋಪುರದಂಚು ಚೆನ್ನಾಗಿದೆ, ಯಾವ್ ಸೀರೇದೋ" ಎಂದು ಕೇಳಿದ್ದಳು.

ಮದುವೆಯ ಪತ್ರಿಕೆ ಅಚ್ಚಾಗಿ ಬಂದ ದಿನ ನಮ್ಮ ಮನೆಯಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಒಂದು ಬಗೆಯ ನಡುಕವಿತ್ತು. ನಡುಕದ ಹೆಸರು ಗೌರತ್ತೆ, ಅಪ್ಪನ ಅಕ್ಕ. ಹನುಮಂತನಗರದಲ್ಲಿ ಗುಡ್ಡದ ಮೇಲ್ಗಡೆಯ ರಸ್ತೆಯಲ್ಲಿ ಅವರ ಮನೆ. ನಾಲ್ಕು ವರ್ಷದ ಹಿಂದೆ ಚಾಮರಾಜಪೇಟೆಯ ನಮ್ಮ ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಿ ಗೃಹಪ್ರವೇಶ ಮಾಡಿದಾಗ, ಪತ್ರಿಕೆ ಗೌರತ್ತೆಗೆ ತಲುಪುವ ಮೊದಲೇ ಬೇರೆ ಮೂರು ಮನೆಗಳಿಗೆ ತಲುಪಿತ್ತು. ಗೌರತ್ತೆ ಬಂದರು, ದೀಪ ಹಚ್ಚಿದರು, ಹಾಲು ಉಕ್ಕುವವರೆಗೂ ನಿಂತಿದ್ದರು. ಆಮೇಲೆ "ಹೊಟ್ಟೆ ಸರಿ ಇಲ್ಲ" ಎಂದು ಊಟ ಮಾಡದೆ ಹೋದರು. ನಮ್ಮಲ್ಲಿ ಬೈದು ಹೋದರೆ ಅದು ಜಗಳ, ಎರಡು ದಿನಕ್ಕೆ ಸರಿಹೋಗುತ್ತದೆ. ಉಣ್ಣದೆ ಹೋದರೆ ಅದಕ್ಕೆ ಔಷಧಿಯಿಲ್ಲ. ಅವತ್ತಿನಿಂದ ಅಪ್ಪ ಎದುರಿಗೇ ಕೂತಿದ್ದರೂ ಗೌರತ್ತೆ ನನ್ನ ಕಡೆ ತಿರುಗಿ, "ನಿಮ್ಮಪ್ಪಂಗೆ ಹೇಳು, ಬಿ.ಪಿ. ಚೆಕ್ ಮಾಡಿಸ್ಕೊಳಕ್ಕೆ" ಎನ್ನುತ್ತಿದ್ದರು. ಅಪ್ಪನೂ ನನ್ನ ಕಡೆಯೇ ನೋಡಿ, "ಮಾಡಿಸ್ದೆ ಅಂತ ಹೇಳು" ಎನ್ನುತ್ತಿದ್ದರು. ನಾನು ಏನೂ ಹೇಳಬೇಕಾಗಿರಲಿಲ್ಲ, ನಡುವೆ ಕೂತಿದ್ದರೆ ಸಾಕಿತ್ತು.

ಈಗ ಅದೆಲ್ಲ ಹೀಗೇ ಉಳಿಯುವಂತಿರಲಿಲ್ಲ. ನಮ್ಮ ಮನೆಯಲ್ಲಿ ಮದುಮಗಳಿಗೆ ಮೊದಲ ಅರಿಸಿನ ಹಚ್ಚುವವಳು ಸೋದರತ್ತೆ. ಅದರಲ್ಲೂ ಸಹನಾಳಿಗೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದು ಸ್ಕೂಲಿಗೆ ಕಳಿಸಿದವರು, ಅವಳ ಹತ್ತನೇ ಕ್ಲಾಸಿನ ತನಕ, ಗೌರತ್ತೆಯೇ. ಅಮ್ಮನಿಗೆ ಆಗ ಅಪ್ಪನ ಬೈಂಡಿಂಗ್ ಅಂಗಡಿಯಲ್ಲಿ ಬೆಳಗಿನಿಂದಲೇ ಕೆಲಸವಿರುತ್ತಿತ್ತು. ಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದಾಗ ಸಹನಾ ಮೆಲ್ಲಗೆ ಒಂದೇ ಮಾತು ಹೇಳಿದಳು: "ಗೌರತ್ತೆ ಹಚ್ಚಿಲ್ಲ ಅಂದ್ರೆ ನಾನು ಅರಿಸಿನಕ್ಕೆ ಕೂರಲ್ಲಪ್ಪ. ನೀವೇನಾರ ಮಾಡ್ಕೊಳಿ." ಅವಳು ಕೂಗಾಡಿದ್ದರೆ ಅಪ್ಪ ಸಮಾಧಾನವಾಗಿ ಇರುತ್ತಿದ್ದರು. ಮೆಲ್ಲಗೆ ಹೇಳಿದ್ದರಿಂದ ಕನ್ನಡಕ ತೆಗೆದು ಒರೆಸತೊಡಗಿದರು.

ಅಮ್ಮನ ಲೆಕ್ಕ ಸರಳವಾಗಿತ್ತು. ಮೊದಲ ಪತ್ರಿಕೆ ಮನೆದೇವರಿಗೆ, ಎರಡನೆಯದು ಗೌರತ್ತೆಗೆ, ಆಮೇಲೆ ಮಿಕ್ಕವರಿಗೆ. ನಾನು ಆಗ ಸುಮ್ಮನಿರಬೇಕಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ನನ್ನ ವಿದ್ಯೆ ಉಪಯೋಗಕ್ಕೆ ಬರುವ ಸಂದರ್ಭ ಒದಗಿತ್ತು. ಊರೆಲ್ಲ ತಿರುಗಿ ಪತ್ರಿಕೆ ಹಂಚುವುದು ಸ್ಟೇಜ್ ರೇಸಲ್ಲದೆ ಇನ್ನೇನು? ನೋಟ್‌ಬುಕ್ಕು ತೆಗೆದು ಮೂರು ಸ್ಟೇಜು ಬರೆದೆ. ಮೊದಲನೇ ಭಾನುವಾರ ಬಸವನಗುಡಿಯಿಂದ ಹನುಮಂತನಗರ. ಎರಡನೆಯದು ನಗರ್ತಪೇಟೆ, ದಾರಿಯೆಲ್ಲ ಚಪ್ಪಟೆ, ಆದರೆ ಕೈಗಾಡಿಗಳ ನಡುವೆ ನುಗ್ಗಬೇಕು, ಬಿದ್ದರೆ ಎಲ್ಲರೂ ಒಟ್ಟಿಗೆ ಬೀಳುವಂಥದ್ದು. ಮೂರನೆಯದು ಮಲ್ಲೇಶ್ವರ, ಅಲ್ಲಿನವರು ಯಾರೂ ಹೆಚ್ಚು ಹೊತ್ತು ಕೂರಿಸಿಕೊಳ್ಳುವುದಿಲ್ಲ, ಹಾಗಾಗಿ ಅದು ಟೈಮ್ ಟ್ರಯಲ್, ಬರೀ ಗಡಿಯಾರದ ವಿರುದ್ಧ ಓಡುವಂಥದ್ದು. ಮೊದಲನೇ ಸ್ಟೇಜಿನಲ್ಲಿ ಗಾಂಧಿ ಬಜಾರಿನ ಹತ್ತಿರದ ರೇಣುಕಾ ಚಿಕ್ಕಮ್ಮನ ಮನೆ ಒಂದು, ಬ್ಯೂಗಲ್ ರಾಕಿನ ಹಿಂದೆ ಅಪ್ಪನಿಗೆ ಪಾಠ ಹೇಳಿದ ಮೇಷ್ಟ್ರ ಮನೆ ಎರಡು, ಮೂರನೆಯದಾಗಿ, ಕೊನೆಯ ಏರಿನಲ್ಲಿ, ಗೌರತ್ತೆಯ ಮನೆ. ಆ ಮನೆಯ ಮೇಲೆ ಪುಟದ ತುದಿ ಮುಟ್ಟುವ ಒಂದು ಶಿಖರ ಬರೆದು, ಐದು ನಕ್ಷತ್ರ ಹಾಕಿದೆ.

"ಗೌರಕ್ಕನ ಮನೇನ ಕೊನೇಗ್ ಹಾಕಿದೀಯಲ್ಲೋ" ಎಂದಳು ಅಮ್ಮ.

"ಅಮ್ಮಾ, ಭಾನುವಾರ ಒಂದೂವರೆ ತನಕ ಯಮಗಂಡ ಅಂತೀಯ, ನಾಲ್ಕೂವರೆಗೆ ರಾಹುಕಾಲ ಅಂತೀಯ. ನಮಗಿರೋದು ಮೂರೇ ಗಂಟೆ. ಗೌರತ್ತೆ ಎರಡು ಗಂಟೆಗೆ ಮಲಗಿದ್ರೆ ಏಳೋದು ಮೂರೂವರೆಗೆ. ನಿದ್ದೇಲಿರೋರ್ನ ಎಬ್ಬಿಸಿ ಪತ್ರಿಕೆ ಕೊಡ್ತೀಯಾ? ದಾರೀಲಿರೋ ಎರಡು ಮನೆ ಮುಗಿಸ್ಕೊಂಡು, ಸರಿಯಾಗಿ ಅವ್ರು ಕಾಫಿ ಕುಡಿಯೋ ಟೈಮಿಗೆ ಹೋಗಿ ನಿಂತ್ರೆ ಹೆಂಗಿರುತ್ತೆ ಹೇಳು."

"ಜಗಲಿ ಮೇಲೆ ಕೂತಿದ್ರಾಯ್ತು, ಏಳೋ ತನಕ."

"ಅಷ್ಟೊತ್ತು ಸುಮ್ನೆ ಕೂತು ವೇಸ್ಟ್ ಮಾಡೋದಾ? ಎರಡು ಮನೆ ಮೊದ್ಲು ಹೋದ್ವಿ ಅಂತ ಅವ್ರಿಗೆ ಹೆಂಗ್ ಗೊತ್ತಾಗುತ್ತೆ?"

ಅಪ್ಪ ಇಬ್ಬರನ್ನೂ ನೋಡಿ, "ಹುಡ್ಗ ಲೆಕ್ಕ ಹಾಕಿದಾನೆ ಕಣೆ" ಎಂದರು. ನಮ್ಮಪ್ಪನಿಗೆ ಬರೆದದ್ದರ ಮೇಲೆ ಬಹಳ ನಂಬಿಕೆ. ನಲವತ್ತು ವರ್ಷ ಬೇರೆಯವರ ಪುಸ್ತಕಗಳಿಗೆ ರಟ್ಟು ಹಾಕಿದ ಮನುಷ್ಯ, ಒಳಗಿರುವುದು ಸರಿಯೇ ಇರುತ್ತದೆ ಎಂದುಕೊಂಡೇ ಹೊಲಿದವರು.

ಆ ಭಾನುವಾರ ಮನೆದೇವರ ಮುಂದೆ ಪತ್ರಿಕೆಯಿಟ್ಟು, ಯಮಗಂಡ ಕಳೆಯುವುದನ್ನೇ ಕಾದು, ಒಂದು ಮೂವತ್ತೊಂದಕ್ಕೆ ಹೊರಟೆವು. ಅಪ್ಪ ಅಮ್ಮ ಹಳೆಯ ಸ್ಕೂಟರಿನಲ್ಲಿ, ನಾನು ಸೈಕಲ್ಲಿನಲ್ಲಿ. ನಾಯಕನ ಮೇಲೆ ಭಾರ ಇರಬಾರದೆಂಬ ನಿಯಮದಂತೆ ಪತ್ರಿಕೆಗಳನ್ನೆಲ್ಲ ನನ್ನ ಬೆನ್ನಿನ ಚೀಲಕ್ಕೆ ಹಾಕಿಕೊಂಡಿದ್ದೆ. ಅಮ್ಮನ ಕೈಯಲ್ಲಿ ಕುಂಕುಮದ ಭರಣಿ ಮತ್ತು ಅಕ್ಷತೆಯ ಡಬ್ಬಿ ಮಾತ್ರ. ಚಿಕ್ಕಮ್ಮನ ಮನೆಯಲ್ಲಿ ಎಲ್ಲ ಲೆಕ್ಕದಂತೆಯೇ ನಡೆಯಿತು. ಚಿಕ್ಕಮ್ಮ ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು, "ಎಷ್ಟ್ ಚೆನ್ನಾಗ್ ಬಂದಿದೆ, ಬಾರ್ಡರು" ಎಂದು ಸವರಿದರು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದದ್ದನ್ನು ನಾನು ನೋಡಿದೆ. ಬೆಳಕಿಗೆ ಯಾಕೆ ಹಿಡಿಯುತ್ತಿದ್ದಾರೆ ಎಂದು ಯೋಚಿಸಲಿಲ್ಲ. ಡೈರೆಕ್ಟರಾದವನು ಎದುರಾಳಿಯ ಕೈ ನೋಡಬೇಕು. ನಾನು ಗಡಿಯಾರ ನೋಡುತ್ತಿದ್ದೆ.

ಮೇಷ್ಟ್ರ ಮನೆಯಲ್ಲಿ ಸ್ವಲ್ಪ ತಡವಾಯಿತು. ಅವರಿಗೆ ಕಿವಿ ಮಂದ, ಮದುವೆ ಯಾರದೆಂದು ಎರಡು ಸಲ ಹೇಳಬೇಕಾಯಿತು. ಎರಡನೇ ಸಲ ಹೇಳಿದಾಗ ಅಪ್ಪನ ಕಡೆ ತಿರುಗಿ, "ನಿಂದಾ?" ಎಂದು ಕೇಳಿದರು. ಅವರ ಹೆಂಡತಿ ಉಪ್ಪಿಟ್ಟು ಮಾಡಿಯೇ ತೀರುತ್ತೇನೆಂದು ಒಳಗೆ ಹೋದರು. ರೇಸಿನಲ್ಲೂ ಓಡುತ್ತಲೇ ತಿನ್ನುವ ಜಾಗ ಒಂದಿರುತ್ತದೆ, ಅಲ್ಲಿ ಚೀಲ ಕಸಿದುಕೊಂಡು ಮುಂದೆ ಹೋಗುತ್ತಾರೆ. ಬಸವನಗುಡಿಯಲ್ಲಿ ಅದು ಸಾಧ್ಯವಿಲ್ಲ. ಉಪ್ಪಿಟ್ಟಿನ ರವೆ ಹುರಿಯುವ ವಾಸನೆ ಬಂದಾಗ ನನ್ನ ಫೋನು ಒಂದು ಸಲ ಗುರ್ರೆಂದಿತು. ತೆಗೆದು ನೋಡಿದೆ. ನಮ್ಮ ಫ್ಯಾಮಿಲಿ ಗ್ರೂಪು. ಅಲ್ಲಿ ಸಹನಾಳ ಮದುವೆಯ ಪತ್ರಿಕೆ, ಕಿಟಕಿಯ ಬೆಳಕಿನಲ್ಲಿ, ಬಾರ್ಡರಿನ ಸಮೇತ. ಕೆಳಗೆ ರೇಣುಕಾ ಚಿಕ್ಕಮ್ಮನ ಬರಹ: 'ನಮಗೆ ಮೊದಲ ಪತ್ರಿಕೆ. ತುಂಬಾ ಖುಷಿ.' ಹಾಕಿದ ಹೊತ್ತು ಎರಡು ಐವತ್ತೆಂಟು.

ಆ ಗ್ರೂಪಿನಲ್ಲಿ ಗೌರತ್ತೆಯೂ ಇದ್ದಾರೆ. ಇದ್ದಾರೆ ಎಂದರೆ ಸಾಲದು, ಗ್ರೂಪು ನಡೆಯುವುದೇ ಅವರಿಂದ. ದಿನಾ ಮಧ್ಯಾಹ್ನ ನಿದ್ದೆಯಿಂದೆದ್ದು, ಮೂರೂವರೆಗೆ ಸರಿಯಾಗಿ ಒಂದು ಕೆಂಪು ಗುಲಾಬಿಯ ಚಿತ್ರ ಹಾಕುತ್ತಾರೆ, 'ಶುಭ ಸಂಜೆ' ಎಂದು. ಹನುಮಂತನಗರದಲ್ಲಿ ಎಷ್ಟು ಮಳೆ ಬಂದರೂ, ಕರೆಂಟು ಹೋದರೂ, ಆ ಗುಲಾಬಿ ತಪ್ಪಿದ್ದಿಲ್ಲ. ಗುಲಾಬಿ ಬಿದ್ದಿತೆಂದರೆ ಗೌರತ್ತೆ ಗ್ರೂಪು ನೋಡಿದರು ಎಂದೇ ಅರ್ಥ. ನಾನು ಫೋನನ್ನು ಅಮ್ಮನ ಮುಂದೆ ಹಿಡಿದೆ. ಅಮ್ಮ ಓದಿದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ, ಕೈಯಲ್ಲಿದ್ದ ಭರಣಿಯ ಮುಚ್ಚಳವನ್ನು ಮಾತ್ರ ಇನ್ನೊಂದು ಸುತ್ತು ಬಿಗಿ ಮಾಡಿದಳು.

ನಾನು ಹೊರಗೆ ಬಂದು ಚಿಕ್ಕಮ್ಮನಿಗೆ ಫೋನು ಹಚ್ಚಿದೆ. "ಚಿಕ್ಕಮ್ಮ, ಗ್ರೂಪಿಗೆ ಹಾಕಿದ್ ಫೋಟೋ ತಗ್ದುಬಿಡಿ, ಈಗ್ಲೇ. ಗೌರತ್ತೆಗೆ ಇನ್ನೂ ಕೊಟ್ಟಿಲ್ಲ."

"ಅಯ್ಯೋ ಶಿವನೇ, ಅತ್ತಿಗೆಗೆ ಕೊಡ್ದೇನೇ ನಮ್ಮನೆಗ್ ಬಂದ್ರಾ? ತಡಿ, ತೆಗೀತೀನಿ." ಒತ್ತುವ ಸದ್ದು. "ಆಯ್ತು ಕಣೋ. ಹೋಯ್ತು."

ನನ್ನ ಫೋನಿನಲ್ಲಿ ಪತ್ರಿಕೆ ಹಾಗೇ ಇತ್ತು. "ಚಿಕ್ಕಮ್ಮ, ಇನ್ನೂ ಕಾಣ್ತಿದೆ. ಎಲ್ಲರಿಗೂ ಅಂತ ಇರೋದನ್ನ ಒತ್ತಿದ್ರಾ, ನನಗೆ ಮಾತ್ರ ಅಂತ ಇರೋದನ್ನ ಒತ್ತಿದ್ರಾ?"

"ನನಗೆ ಅಂತ ಇರೋದು. ನಾನ್ ತಾನೆ ಹಾಕಿದ್ದು?"

ಅಲ್ಲಿಗೆ ಮುಗಿಯಿತು. ಆ ಚಿತ್ರ ಈಗ ಇಡೀ ವಂಶದ ಫೋನುಗಳಲ್ಲಿ ಇತ್ತು, ಅದನ್ನು ತೆಗೆಯಬಲ್ಲ ಒಬ್ಬರ ಫೋನಿನಲ್ಲಿ ಮಾತ್ರ ಇರಲಿಲ್ಲ. ನಾನು ಒಳಗೆ ಹೋದಾಗ ಮೂರು ಗಂಟೆ ಹತ್ತು ನಿಮಿಷ. ಅಮ್ಮ ಮೇಷ್ಟ್ರ ಹೆಂಡತಿಗೆ ಕುಂಕುಮ ಕೊಟ್ಟು, ಉಪ್ಪಿಟ್ಟನ್ನು ಡಬ್ಬಿಗೆ ಹಾಕಿಸಿಕೊಂಡು, ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

ರೇಸಿನಲ್ಲಿ ಇದಕ್ಕೊಂದು ಲೆಕ್ಕವಿದೆ. ಮುಂದೆ ನುಗ್ಗಿದವನಿಗೂ ಗುಂಪಿಗೂ ನಡುವೆ ಎಷ್ಟು ನಿಮಿಷದ ಅಂತರ ಎಂದು ಮೋಟರ್‌ಬೈಕಿನವನೊಬ್ಬ ಹಲಗೆಯ ಮೇಲೆ ಬರೆದು ತೋರಿಸುತ್ತಾನೆ. ಉಳಿದ ದೂರ ನೋಡಿಕೊಂಡು ಗುಂಪು ವೇಗ ಹೆಚ್ಚಿಸುತ್ತದೆ. ಈಗ ನುಗ್ಗಿದ್ದು ಒಂದು ಫೋಟೋ, ಅಟ್ಟಿಸಿಕೊಂಡು ಹೊರಟವರು ನಾವು. ನಮಗಿದ್ದದ್ದು ಇಪ್ಪತ್ತು ನಿಮಿಷ. ಸ್ಕೂಟರಿಗೆ ಅದು ಬೇಕಾದಷ್ಟಾಯಿತು ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳಿದೆ, "ಅಪ್ಪಾ, ನೀವಿಬ್ರು ಮುಂದೆ ಹೋಗಿ." ಸ್ಕೂಟರು ಮೂಲೆ ತಿರುಗಿ ಮಾಯವಾದ ಮೇಲೆ, ಪತ್ರಿಕೆಗಳೆಲ್ಲ ನನ್ನ ಬೆನ್ನ ಮೇಲಿವೆ ಎಂಬುದು ನೆನಪಾಯಿತು.

ಆಮೇಲೆ ನಾನು ತುಳಿದ ತುಳಿತವನ್ನು ನನ್ನ ಕಾಲುಗಳು ಇನ್ನೂ ಮರೆತಿಲ್ಲ. ಎಂದೂ ಇಲ್ಲದ ಕಡೆ ರಸ್ತೆ ಅಗೆದಿದ್ದರು. ಪೈಪು ಹಾಕುವವರ ಗುಂಡಿಯ ಪಕ್ಕ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ದಾಟಿದೆ. ಅಲ್ಲಿ ಕೂತಿದ್ದವನೊಬ್ಬ, "ಗುರು, ಅದು ನಿನ್ ಮೇಲ್ ಕೂರ್ಬೇಕೋ, ನೀನ್ ಅದ್ರ ಮೇಲ್ ಕೂರ್ಬೇಕೋ" ಎಂದ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಫೋನು ನೋಡುತ್ತಿದ್ದೆ. ಪತ್ರಿಕೆಯ ಕೆಳಗೆ ಒಬ್ಬೊಬ್ಬರೇ 'ಶುಭವಾಗಲಿ' ಎಂದು ಹಾಕತೊಡಗಿದ್ದರು. ಗುಲಾಬಿ ಇನ್ನೂ ಬಿದ್ದಿರಲಿಲ್ಲ.

ಏರಿನ ಬುಡಕ್ಕೆ ಬಂದಾಗ ಮೂರು ಇಪ್ಪತ್ತೆರಡು. ನೋಡಿದರೆ ಸ್ಕೂಟರು ಅಲ್ಲೇ ನಿಂತಿತ್ತು. ರಸ್ತೆ ಅಗೆದ ಕಡೆ ಸುತ್ತಿ ಬಳಸಿ ಬಂದು, ಏರಿನಲ್ಲಿ ಇಬ್ಬರನ್ನು ಹೊರಲಾರೆ ಎಂದು ಕೆಮ್ಮಿ ಆಫಾಗಿತ್ತು. ಅಪ್ಪ ಕಿಕ್ಕರ್ ಒದೆಯುತ್ತಿದ್ದರು. ಅಮ್ಮ ನನ್ನ ಹತ್ತಿರ ಬಂದು ಕೈ ಚಾಚಿದಳು. "ಕೊಡು ಒಂದು."

"ಅಮ್ಮಾ, ತಡಿ, ಒಂದು ಪ್ಲ್ಯಾನ್ ಮಾಡಣ—"

"ನಿನ್ ಪ್ಲ್ಯಾನ್ ಆಯ್ತಲ್ಲಪ್ಪ" ಎಂದು ಪತ್ರಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ರಸ್ತೆಯ ಎಡಕ್ಕೆ, ಎರಡು ಮನೆಗಳ ಕಾಂಪೌಂಡಿನ ನಡುವೆ, ಮೇಲಿನ ರಸ್ತೆಗೆ ಹೋಗುವ ಕಲ್ಲಿನ ಮೆಟ್ಟಿಲುಗಳಿದ್ದವು. ನನ್ನ ನಕ್ಷೆಯಲ್ಲಿ ಅವು ಇರಲಿಲ್ಲ. ಚಕ್ರ ಹೋಗದ ದಾರಿಯನ್ನು ನಾನು ದಾರಿ ಎಂದುಕೊಂಡಿರಲೇ ಇಲ್ಲ. ಅಮ್ಮ ಒಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದು, ಇನ್ನೊಂದರಲ್ಲಿ ಭರಣಿ ಅವುಚಿಕೊಂಡು, ಮಂಡಿ ನೋವೆಂದು ದಿನಾ ಎಣ್ಣೆ ಹಚ್ಚಿಕೊಳ್ಳುವ ನನ್ನ ಅಮ್ಮ, ಮೆಟ್ಟಿಲು ಹತ್ತತೊಡಗಿದಳು. ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ಏರಿನಲ್ಲಿ ಯಾರ ಬೆನ್ನೂ ಉಪಯೋಗಕ್ಕೆ ಬರುವುದಿಲ್ಲ ಎಂದು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ಕಣ್ಣಾರೆ ನೋಡಿದ್ದು ಅವತ್ತೇ.

ನಾನು ರಸ್ತೆಯಲ್ಲೇ ಏರಿದೆ. ಏರು ಶುರುವಾಗುವ ಮೊದಲೇ ಗೇರು ಬದಲಿಸಬೇಕು, ಭಾರ ಬಿದ್ದ ಮೇಲೆ ಬದಲಿಸಿದರೆ ಚೈನು ಕಳಚುತ್ತದೆ. ಇದು ಮೊದಲನೇ ಪಾಠ. ಇದರ ಮೇಲೆ ನಮ್ಮ ಬೀದಿಯ ಹುಡುಗರಿಗೆ ನಾನು ಅರ್ಧ ಗಂಟೆ ಮಾತಾಡಿದ್ದೇನೆ. ಅರ್ಧ ಏರಿನಲ್ಲಿ, ಪೂರ್ತಿ ಭಾರ ಹಾಕಿ ತುಳಿಯುತ್ತಿರುವಾಗ ಗೇರು ಬದಲಿಸಿದೆ. ಕಟಕ್ ಎಂದಿತು. ಪೆಡಲು ಖಾಲಿಯಾಗಿ ಗಿರಗಿರ ತಿರುಗಿತು. ಸೈಕಲ್ಲು ತಳ್ಳಿಕೊಂಡು ಹೊರಟಾಗ ಪಕ್ಕದಲ್ಲೇ ಅಪ್ಪ ಸ್ಕೂಟರು ತಳ್ಳಿಕೊಂಡು ಬರುತ್ತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅಪ್ಪ, "ರೇಸ್ನಲ್ಲಿ ಹಿಂಗೂ ಇರುತ್ತಾ?" ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ಅದಕ್ಕೇ ಹೆಚ್ಚು ಬೇಜಾರಾಯಿತು.

ಗೌರತ್ತೆಯ ಮನೆಯ ಬಾಗಿಲು ತೆರೆದಿತ್ತು. ಅಮ್ಮ ನಡುಮನೆಯ ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಹಣೆಯ ಬೆವರಿಗೆ ಕುಂಕುಮ ಸ್ವಲ್ಪ ಇಳಿದಿತ್ತು. ಗಂಡ ಹೆಂಡತಿ ಇಬ್ಬರೂ ನಿಂತೇ ಕೊಡಬೇಕಾದ್ದರಿಂದ ಪತ್ರಿಕೆ ಇನ್ನೂ ಸೊಂಟದಲ್ಲೇ ಇತ್ತು. ಒಳಗಿನಿಂದ ಕಾಫಿ ಬೆರೆಸುವ ಸದ್ದು. ಟೀಪಾಯಿಯ ಮೇಲೆ ಗೌರತ್ತೆಯ ಫೋನು ಅಂಗಾತ ಮಲಗಿತ್ತು, ಪಕ್ಕದಲ್ಲಿ ಅವರ ಕನ್ನಡಕ. "ನೋಡಿದ್ರಾ?" ಎಂದು ನಾನು ಕಣ್ಣಲ್ಲೇ ಕೇಳಿದೆ. ಅಮ್ಮ ಗೊತ್ತಿಲ್ಲ ಎಂಬಂತೆ ತಲೆಯಾಡಿಸಿದಳು. ಅಷ್ಟರಲ್ಲಿ ಫೋನು ಗುರ್ರೆಂದಿತು. ಯಾರದೋ 'ಶುಭವಾಗಲಿ'. ಮತ್ತೆ ಗುರ್ರೆಂದು ಸ್ವಲ್ಪ ಸರಿಯಿತು. ಅಪ್ಪ ಅದು ಹಾವೇನೋ ಎಂಬಂತೆ ಕಾಲು ಹಿಂದಕ್ಕೆಳೆದುಕೊಂಡರು.

ಗೌರತ್ತೆಯ ಫೋನಿಗೆ ಬೀಗವಿಲ್ಲ. ಚಿಕ್ಕಮ್ಮ ತಪ್ಪಾಗಿ ಒತ್ತಿದ್ದರಲ್ಲ, 'ನನಗೆ ಮಾತ್ರ' ಎಂದು, ಅದನ್ನೇ ಈ ಫೋನಿನಲ್ಲಿ ಒತ್ತಿದರೆ ಸರಿಯಾಗಿಬಿಡುತ್ತದೆ. ಎರಡು ಸೆಕೆಂಡಿನ ಕೆಲಸ. ನನ್ನ ಕೈ ಟೀಪಾಯಿಯ ಮೇಲೆ ಹೋಯಿತು. ಅಮ್ಮ ತುಟಿ ಬಿಗಿದು ಬೇಡ ಎಂದಳು. ಬೆರಳು ಫೋನಿನ ಮೇಲಿರುವಾಗ ಅಡುಗೆಮನೆಯ ಬಾಗಿಲಲ್ಲಿ ಗೌರತ್ತೆ ಕಾಫಿಯ ತಟ್ಟೆ ಹಿಡಿದು ನಿಂತಿದ್ದರು.

"ಯಾಕೋ, ಫೋನ್ ಬೇಕಿತ್ತಾ?"

"ಇಲ್ಲ ಅತ್ತೆ. ಟೈಮ್ ನೋಡ್ತಿದ್ದೆ."

"ನಿನ್ ಕೈಲೇ ಗಡಿಯಾರ ಕಟ್ಕೊಂಡಿದೀಯಲ್ಲ."

ಗೌರತ್ತೆ ಲೋಟಗಳನ್ನು ಒಂದೊಂದಾಗಿ ಇಟ್ಟರು. ಅಪ್ಪ ಗಂಟಲು ಸರಿಮಾಡಿಕೊಂಡು, ನಾಲ್ಕು ವರ್ಷಗಳ ನಂತರ ನೇರವಾಗಿ ಅವರ ಕಡೆ ನೋಡಿ, "ಅಕ್ಕಾ, ಸಹನಾ ಮದ್ವೆ. ನಿಮ್ಮನೆಗೇ ಮೊದ್ಲು..." ಎಂದು ಶುರುಮಾಡಿದರು. ಫೋನು ಇನ್ನೊಂದು ಸಲ ಗುರ್ರೆಂದಿತು.

"ಮೊದ್ಲಲ್ಲ ಗೌರಕ್ಕ" ಎಂದಳು ಅಮ್ಮ. "ರೇಣುಕಾ ಮನೆಗೆ, ಮೇಷ್ಟ್ರ ಮನೆಗೆ ಕೊಟ್ಟಾಯ್ತು. ನಂದೇ ತಪ್ಪು. ನಾನು ಗಟ್ಟಿಯಾಗಿ ಹೇಳ್ಬೇಕಿತ್ತು."

ನಾಯಕನಿಗಾಗಿ ತಮ್ಮ ಚಕ್ರ ಬಿಚ್ಚಿಕೊಡುವವರ ಬಗ್ಗೆ ಹೇಳಿದೆನಲ್ಲ. ಅವರ ಮುಖ ಹೇಗಿರುತ್ತದೆಂದು ನೋಡಲು ಬೆಟ್ಟಗಳ ರೇಸನ್ನೇ ನೋಡಬೇಕಾಗಿಲ್ಲ. ನನಗೆ ಕೂತಿರಲಾಗಲಿಲ್ಲ. ಚೀಲದಿಂದ ನೋಟ್‌ಬುಕ್ಕು ತೆಗೆದು ಗೌರತ್ತೆಯ ಮುಂದಿಟ್ಟೆ. "ಅಮ್ಮಂದಲ್ಲ ಅತ್ತೆ. ದಾರಿ ಹಾಕಿದ್ದು ನಾನು."

ಗೌರತ್ತೆ ಕನ್ನಡಕ ಹಾಕಿಕೊಂಡು ಪುಟವನ್ನು ಬಹಳ ಹೊತ್ತು ನೋಡಿದರು. "ಇದ್ಯಾವ್ದು, ಗೋಪುರ?"

"ನಿಮ್ಮನೆ."

"ರೇಣುಕಾ ಮನೆ?"

ನಾನು ಕೆಳಗಿನ ಚಪ್ಪಟೆ ಗೆರೆ ತೋರಿಸಿದೆ. ಗೌರತ್ತೆ ಅದನ್ನೂ ಶಿಖರವನ್ನೂ ಬೆರಳಿನಿಂದ ಅಳೆದರು. ಐದು ನಕ್ಷತ್ರಗಳನ್ನು ಎಣಿಸಿದರು. ಆಮೇಲೆ ಪುಸ್ತಕ ಮುಚ್ಚಿ, ಅಮ್ಮನ ಕಡೆ ತಿರುಗಿದರು. "ನಾನು ಮೂರು ಗಂಟೆಗೇ ನೋಡ್ದೆ. ಈಗೀಗ ಮಧ್ಯಾಹ್ನ ನಿದ್ದೆ ಎಲ್ಲಿ ಬರುತ್ತೆ. ಸುಮ್ನೆ ಮಲಗಿರ್ತೀನಿ. ಬಾಗ್ಲು ತೆಗೀಬಾರ್ದು ಅಂತಾನೇ ಇದ್ದೆ. ಕಿಟ್ಕೀಲಿ ನೋಡಿದ್ರೆ ನೀನು ಮೆಟ್ಲು ಹತ್ತಿ ಬರ್ತಿದೀಯ, ಆ ಮಂಡಿ ಇಟ್ಕೊಂಡು." ಅವರು ಕಾಫಿಯ ಲೋಟವನ್ನು ಅಮ್ಮನ ಕಡೆ ಸರಿಸಿದರು. "ಮೂರನೇ ಮನೆಗೆ ಯಾರೂ ಹಂಗೆ ಓಡ್ಕೊಂಡು ಬರಲ್ಲ. ಕುಡಿ, ಆರುತ್ತೆ."

ಅಪ್ಪ ಅಮ್ಮ ಎದ್ದು ನಿಂತು ಪತ್ರಿಕೆ ಕೊಟ್ಟರು. ಸೊಂಟದಲ್ಲಿದ್ದದ್ದಕ್ಕೆ ಅದು ಸ್ವಲ್ಪ ಬಾಗಿತ್ತು. ಗೌರತ್ತೆ ಕುಂಕುಮವಿಟ್ಟುಕೊಂಡು, ಅಪ್ಪನಿಗೆ, ನನಗಲ್ಲ, ಅಪ್ಪನಿಗೇ, "ಬಿ.ಪಿ. ಇರೋನು ಸ್ಕೂಟರ್ ತಳ್ಕೊಂಡ್ ಬರೋದಾ" ಎಂದರು. ಅಪ್ಪ ಅಭ್ಯಾಸಬಲದಿಂದ ನನ್ನ ಕಡೆ ನೋಡಿ, ತಕ್ಷಣ ತಿದ್ದಿಕೊಂಡು, "ಅದೇ ಕೈಕೊಡ್ತು ಅಕ್ಕ" ಎಂದರು. ಆಮೇಲೆ ಗೌರತ್ತೆ ಪತ್ರಿಕೆಯನ್ನು ದೇವರ ಮುಂದಿಟ್ಟು, ನನ್ನ ಕೈಯಲ್ಲಿ ಅದರ ಫೋಟೋ ತೆಗೆಸಿ, ಗ್ರೂಪಿಗೆ ಹಾಕಿಸಿದರು. ಬರಹವನ್ನು ಅವರೇ ಹೇಳಿದರು: 'ಮೊದಲ ಪತ್ರಿಕೆ ನಿನ್ನೆಯೇ ಬಂತು. ಇವತ್ತು ಹಾಕಲು ಪುರಸೊತ್ತಾಯಿತು.' ಹತ್ತು ನಿಮಿಷ ಗ್ರೂಪಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಆಮೇಲೆ ರೇಣುಕಾ ಚಿಕ್ಕಮ್ಮ, 'ಹೌದು ಅತ್ತಿಗೆ, ನಮಗೆ ಎರಡನೆಯದು' ಎಂದು ಹಾಕಿದರು. ಅದಾದ ಮೇಲೆ ಗುಲಾಬಿ ಬಿತ್ತು. ದೊಡ್ಡ ರೇಸುಗಳಲ್ಲೂ ಓಟ ಮುಗಿದ ಮೇಲೆ ತೀರ್ಪುಗಾರರು ಫಲಿತಾಂಶ ಬದಲಿಸುವುದುಂಟು. ಗೆದ್ದವರೇ ತೀರ್ಪುಗಾರರಾಗಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ನೋಟ್‌ಬುಕ್ಕು ನನಗೆ ವಾಪಸು ಸಿಗಲಿಲ್ಲ. ನಗರ್ತಪೇಟೆ, ಮಲ್ಲೇಶ್ವರ ಎರಡಕ್ಕೂ ದಾರಿ ಹಾಕಿದವರು ಗೌರತ್ತೆ. ಯಾರು ಯಾರಿಗಿಂತ ದೊಡ್ಡವರು, ಯಾರ ಮನೆಯಲ್ಲಿ ಕೂರಬೇಕು, ಯಾರ ಮನೆಯಲ್ಲಿ ನಿಂತೇ ಬರಬೇಕು, ಎಲ್ಲ ಅವರ ತಲೆಯಲ್ಲಿತ್ತು. ಒಂದೇ ಬೀದಿಯಲ್ಲಿ ನಾಲ್ಕು ಸಲ ಹಿಂದೆ ಮುಂದೆ ಓಡಾಡಿದೆವು. ನನ್ನ ಲೆಕ್ಕದಲ್ಲಿ ಅದಕ್ಕಿಂತ ಕೆಟ್ಟ ದಾರಿ ಇರಲಾರದು. ಯಾರೊಬ್ಬರೂ ಬೇಜಾರು ಮಾಡಿಕೊಳ್ಳಲಿಲ್ಲ.

ಮದುವೆಯಲ್ಲಿ ಸಹನಾಳ ಕೆನ್ನೆಗೆ ಮೊದಲ ಅರಿಸಿನ ಹಚ್ಚಿದವರು ಗೌರತ್ತೆ. ಹಚ್ಚುವಾಗ ಅವಳ ಜಡೆಯನ್ನೂ ಒಂದು ಸಲ ಎಳೆದು ನೋಡಿ, "ಸಡ್ಲ ಹೆಣೆದಿದಾರೆ" ಎಂದರು. ಸಹನಾ ಅತ್ತಳು. ನನಗೆ ಕೊಟ್ಟ ಕೆಲಸ ಊಟದ ಪಂಕ್ತಿಯಲ್ಲಿ ನೀರು ಬಡಿಸುವುದು. ಬಾಟಲಿ ಹಂಚುವವನಿಲ್ಲದೆ ಯಾವ ರೇಸೂ ಗೆಲ್ಲಲಾಗದು ಎಂದು ಎಷ್ಟೋ ಜನಕ್ಕೆ ಹೇಳಿದವನು ನಾನೇ ಆದ್ದರಿಂದ ಬೇಡವೆನ್ನಲು ಬಾಯಿರಲಿಲ್ಲ. ಎರಡನೇ ಪಂಕ್ತಿಗೆ ಜಗ್ಗು ಹಿಡಿದು ಬಂದಾಗ ಗೌರತ್ತೆ ಸಾಲಿನ ಕಟ್ಟಕಡೆಯ ಎಲೆಯ ಮುಂದೆ ಕೂತಿದ್ದರು. ನಮ್ಮ ಮನೆಯ ಕಾರ್ಯದಲ್ಲಿ ನಾಲ್ಕು ವರ್ಷದ ಮೇಲೆ ಉಣ್ಣಲು ಕೂತಿದ್ದರು. ನನ್ನನ್ನು ನೋಡಿ ಅಲ್ಲಿಂದಲೇ, "ಏನ್ ಡೈರೆಕ್ಟ್ರೇ, ಹತ್ರದೋರಿಂದಾನೇ ಶುರು ಮಾಡಪ್ಪ. ನಂದು ಕೊನೇಲಿರ್ಲಿ, ಕೊನೇದೇ ದೊಡ್ಡದಲ್ವಾ" ಎಂದರು. ಹತ್ತಿರದಲ್ಲಿ ಕೂತಿದ್ದ ಮೇಷ್ಟ್ರು ಆಗಲೇ ಲೋಟ ಎತ್ತಿ ಹಿಡಿದಿದ್ದರು. ನಾನು ಆ ಲೋಟವನ್ನು ನೋಡಿದೆ, ಸಾಲನ್ನು ನೋಡಿದೆ, ಬಾಯಾರಿದ ಹನ್ನೊಂದು ಮಂದಿಯನ್ನು ದಾಟಿಕೊಂಡು ನೇರವಾಗಿ ಗೌರತ್ತೆಯ ಎಲೆಯ ಹತ್ತಿರ ಹೋದೆ.